ಬಿಚ್ಚಿಟ್ಟ ಎಂಜಿಬಿ: ಎಂಜಿನ್ ಮೊದಲೋ, ಪೇಂಟಿಂಗ್ ಮೊದಲೋ?

ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಬಂದ 1966ರ ಎಂಜಿಬಿ ರೋಡ್‌ಸ್ಟರ್ (ಗಟ್ಟಿ ಮೇಲ್ಛಾವಣಿಯಿಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು), ಕೆಲಸಕ್ಕೆ ನೀವು, ನಿಮ್ಮ ತಂದೆ, ಹದಿಮೂರರ ಮಗಳು, ಹತ್ತರ ಮಗ. ಮಕ್ಕಳ ಉತ್ಸಾಹ ಆರದಂತೆ ಮೊದಲು ಎಂಜಿನ್ ಕಟ್ಟಬೇಕಾ, ಪೇಂಟ್ ಮಾಡಿಸಬೇಕಾ, ಎರಡು ರಜೆಯಲ್ಲಿ ಮುಗಿಯುತ್ತಾ ಅಂತ ಕೇಳಿದ್ದೀರಿ. ನಮ್ಮ ಮನೆಗೂ ಇದೇ ಕಾರು ಇದೇ ಸ್ಥಿತಿಯಲ್ಲಿ ಬಂತು, "ಎಲ್ಲಾ ಇದೆ, ಒಂದು ನಟ್ಟೂ ಕಳೆದಿಲ್ಲ" ಅನ್ನುವ ಭರವಸೆಯ ಜೊತೆಗೇ. ಆ ಭರವಸೆಯನ್ನು ನಂಬಬೇಡಿ.

ಎಂಜಿನ್ನೂ ಅಲ್ಲ, ಪೇಂಟೂ ಅಲ್ಲ. ಮೊದಲು ಆ ಕಾರನ್ನು ತುಕ್ಕು, ಹಳೇ ಬಣ್ಣ ಎಲ್ಲ ಇದ್ದ ಹಾಗೇ ಒಂದು ಸಲ ಜೋಡಿಸಿ. ಓಡಿಸುವುದಕ್ಕಲ್ಲ. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ, ಮಡ್‌ಗಾರ್ಡ್, ಸಸ್ಪೆನ್ಷನ್, ಚಕ್ರ, ಒಳಗೆ ಏನೂ ಇಲ್ಲದ ಬ್ಲಾಕು, ಗೇರ್‌ಬಾಕ್ಸು, ಇಷ್ಟೂ ತಮ್ಮ ತಮ್ಮ ಜಾಗದಲ್ಲಿ ಕೂತರೆ ಸಾಕು. ನೀವೇ ಬಿಚ್ಚಿದ ಕಾರಾದರೆ ಯಾವುದು ಎಲ್ಲಿಂದ ಬಂತೆಂದು ಗೊತ್ತಿರುತ್ತದೆ. ಬೇರೆಯವರು ಬಿಚ್ಚಿದ್ದಾದರೆ ಆ ತಿಳಿವಳಿಕೆ ಪೆಟ್ಟಿಗೆಯೊಳಗೆ ಬಂದಿರುವುದಿಲ್ಲ, ನೀವೇ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳಲು ಹಳೇ ಬಣ್ಣದ ಬಾಡಿಯೇ ಲೇಸು. ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಜಾರಿದರೆ ಗೀರು ಅಲ್ಲೇ ಉಳಿಯುತ್ತದೆ.

ನಾವು ಈ ಹಂತ ಬಿಟ್ಟೆವು, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ತಗಡಿನ ಭಾಗ) ಬದಲಿಸಿ ನೇರ ಪೇಂಟಿಗೆ ಹೋದೆವು. ಎಷ್ಟು ದುಬಾರಿಯಾಯಿತು, ಯಾಕಾಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಕಾರಿಗೂ ಸಿಲ್ ಕೆಲಸ ಇದ್ದೇ ಇರುತ್ತದೆ.

ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಜಿಟಿ ಮಾದರಿಯಲ್ಲಿ ಗಟ್ಟಿತನಕ್ಕೆ ಮೇಲ್ಛಾವಣಿಯೂ ಕೈಜೋಡಿಸುತ್ತದೆ. ರೋಡ್‌ಸ್ಟರ್‌ನದು ಮುಚ್ಚಳ ತೆಗೆದ ಷೂ ಡಬ್ಬದ ಕಥೆ. ಮುಂಭಾಗವನ್ನೂ ಹಿಂಭಾಗವನ್ನೂ ಒಂದಾಗಿ ಹಿಡಿದಿಡುವುದು ಮುಖ್ಯವಾಗಿ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಎರಡು ಸಿಲ್‌ಗಳು ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗ. ಸಿಲ್ ಅಂದರೆ ಹೊರಗೆ ಕಾಣುವ ಒಂದು ತಗಡು ಅಲ್ಲ. ಹೊರ ಸಿಲ್, ನಡುವೆ ಲಂಬವಾಗಿ ನಿಲ್ಲುವ ಮೆಂಬ್ರೇನ್ ಎಂಬ ತಗಡು, ನೆಲದ ಅಂಚಿಗೆ ಸೇರುವ ಒಳ ಸಿಲ್, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಪಟ್ಟಿ, ಇವೆಲ್ಲ ಸೇರಿ ಒಂದು ಪೆಟ್ಟಿಗೆ. ಹೊರ ಸಿಲ್‌ನ ಮುಂದಿನ ತುದಿ ಮುಂದಿನ ಮಡ್‌ಗಾರ್ಡ್ ಒಳಗೆ, ಹಿಂದಿನ ತುದಿ ಹಿಂದಿನ ಮಡ್‌ಗಾರ್ಡ್ ಒಳಗೆ ಹೊಕ್ಕಿರುತ್ತದೆ. ಮುಂದಿನದನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು, ಹಿಂದಿನದರ ಕೆಳಮೂಲೆಯನ್ನು ಕತ್ತರಿಸಲೇಬೇಕು. ಈ ಕಷ್ಟ ಬೇಡವೆಂದು ಕೆಲವರು ಹಳೇ ತುಕ್ಕಿನ ಮೇಲೆಯೇ ಹೊಸ ತಗಡು ಮುಚ್ಚಿ ಪುಟ್ಟಿ ಬಳಿದಿರುತ್ತಾರೆ. ಅಯಸ್ಕಾಂತ ಹಿಡಿದು ಬಾಗಿಲ ಕೆಳಗೆ ಉದ್ದಕ್ಕೂ ಸಾಗಿ, ಹಿಡಿಯದ ಕಡೆ ಪುಟ್ಟಿ ಇದೆ ಎಂದರ್ಥ.

ನಮ್ಮ ಬಾಡಿ ಸ್ಟ್ಯಾಂಡುಗಳ ಮೇಲಿತ್ತು: ಎರಡು ಮುಂಭಾಗದ ತುದಿಯಲ್ಲಿ, ಎರಡು ಹಿಂಭಾಗದ ತುದಿಯಲ್ಲಿ. ಸಿಲ್ ಕತ್ತರಿಸಿದ ಕ್ಷಣದಿಂದ ನಡುಭಾಗಕ್ಕೆ ಆಧಾರವಿಲ್ಲ, ನಡು ಕೆಳಗೆ ಬಾಗುತ್ತದೆ. ನಡು ಬಾಗಿದರೆ ಬಾಗಿಲ ಮುಂದಿನ ಕಂಬ ಮತ್ತು ಹಿಂದಿನ ಕಂಬ ಮೇಲ್ಗಡೆ ಒಂದರ ಕಡೆಗೊಂದು ವಾಲುತ್ತವೆ. ಕೆಲವೇ ಮಿಲಿಮೀಟರು, ಕಣ್ಣಿಗೆ ಕಾಣದು. ಬಾಗಿದ ಆ ಸ್ಥಿತಿಯಲ್ಲೇ ಹೊಸ ಸಿಲ್ ಬೆಸೆದರೆ ಬಾಗು ಶಾಶ್ವತ. ಬಾಗಿಲು ತೂಗುಹಾಕಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ಆದರೆ ಬಾಗಿಲುಗಳು ಬೇರೆ ಕಡೆ ಪೇಂಟ್ ಆಗುತ್ತಿದ್ದವು. ಬಣ್ಣವೆಲ್ಲ ಮುಗಿದು ಬಾಗಿಲು ಹಾಕಿದಾಗ ಹಿಂದಿನ ಅಂಚಿನ ಸಂದು ಮೇಲೆ 2 ಮಿಮೀ, ಕೆಳಗೆ 8 ಮಿಮೀ. ಇರಬೇಕಾದದ್ದು ಮೇಲಿಂದ ಕೆಳಗಿನವರೆಗೆ ಸಮನಾಗಿ 4ರಿಂದ 5. ಹಿಂಜಿನ ಶಿಮ್ (ಸಂದಿಗೆ ಕೊಡುವ ತೆಳು ತಗಡು) ಬದಲಿಸಿ, ಲಾಕಿನ ತಟ್ಟೆ ಸರಿಸಿ ಸರಿಮಾಡುವಂಥದ್ದಲ್ಲ ಇದು. ಹಿಂಜು ಬಾಗಿಲನ್ನು ಸರಿಸುತ್ತದೆ, ಕಂಬವನ್ನಲ್ಲ. ಒಂದೇ ದಾರಿ: ಬೆಸುಗೆಗಳನ್ನು ಒಂದೊಂದಾಗಿ ಕೊರೆದು ಸಿಲ್ ಬಿಡಿಸಿ, ಬಾಡಿಯನ್ನು ನೇರ ಮಾಡಿ, ಹೊಸ ಸಿಲ್ ತಂದು ಮತ್ತೆ ಬೆಸೆದು, ಆ ಪಕ್ಕವನ್ನೆಲ್ಲ ಮತ್ತೆ ಪೇಂಟ್ ಮಾಡುವುದು.

ಸರಿಯಾದ ಕ್ರಮ ಹೀಗೆ. ಸ್ಟ್ಯಾಂಡುಗಳನ್ನು ಸಸ್ಪೆನ್ಷನ್‌ನ ಭಾರ ಬೀಳುವ ಜಾಗಗಳ ಅಡಿಗೆ ಕೊಡಿ: ಮುಂದೆ ಕ್ರಾಸ್‌ಮೆಂಬರ್ (ಸಸ್ಪೆನ್ಷನ್ ಹೊರುವ ಅಡ್ಡತೊಲೆ) ಕೂರುವಲ್ಲಿ, ಹಿಂದೆ ಲೀಫ್ ಸ್ಪ್ರಿಂಗ್ ಹಿಡಿಯುವಲ್ಲಿ. ನೆಲದ ನಡುವಿಗೂ ಆಧಾರ ಬೇಕು. ಕತ್ತರಿಸುವ ಮೊದಲೇ ಬಾಗಿಲ ಚೌಕಟ್ಟಿನ ಎರಡೂ ಕರ್ಣಗಳನ್ನು, ಎಡಕ್ಕೂ ಬಲಕ್ಕೂ, ಅಳೆದು ಗೋಡೆಯ ಮೇಲೆ ಬರೆದಿಡಿ. 25 ಮಿಮೀ ಚೌಕ ಪೈಪಿನಿಂದ ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ಅಡ್ಡಪಟ್ಟಿ ಬೆಸೆಯಿರಿ, ಆದರೆ ಕಂಬಗಳ ಒಳಮೈಗೆ. ಆಗ ಪಟ್ಟಿ ಇದ್ದಾಗಲೂ ಬಾಗಿಲು ಮುಚ್ಚಿ ತೆಗೆಯಬಹುದು. ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕಕ್ಕೆ ಕೈ ಹಾಕಬೇಡಿ. ಹೊಸ ತಗಡನ್ನು ಮೊದಲು ಕ್ಲ್ಯಾಂಪ್ ಮತ್ತು ಸ್ಕ್ರೂಗಳಲ್ಲಿ ಹಿಡಿಸಿ, ಬಾಗಿಲು ಮುಚ್ಚಿ ಸಂದು ನೋಡಿ, ಆಮೇಲೆ ಬೆಸುಗೆ. ಮಿಗ್ ಬೆಸುಗೆ ಯಂತ್ರ, 0.6 ಮಿಮೀ ತಂತಿ, ಅಂಚಿನಲ್ಲಿ 25ರಿಂದ 30 ಮಿಮೀಗೊಂದು 6 ಮಿಮೀ ತೂತು ಮಾಡಿ ತುಂಬುವ ಬೆಸುಗೆ. ಉದ್ದಕ್ಕೆ ಎಳೆಯಬೇಕಾದ ಕಡೆ ಒಮ್ಮೆಗೆ 20 ಮಿಮೀ ಮಾತ್ರ, ಮುಂದಿನ ತುಂಡು ದೂರದಲ್ಲಿ. ಒಂದೇ ಎಳೆತಕ್ಕೆ ಬೆಸೆದರೆ ತಗಡು ಆರುವಾಗ ಕುಗ್ಗಿ ಎಳೆಯುತ್ತದೆ. ನಾಲ್ಕೈದು ಬೆಸುಗೆಗೊಮ್ಮೆ ಬಾಗಿಲು ಮುಚ್ಚಿ ನೋಡಿ. ಒಳಮೈಗಳಿಗೆ ಬೆಸೆಯುವ ಮುಂಚೆ ಸತುವಿನ ಪ್ರೈಮರ್, ಪೇಂಟ್ ಮುಗಿದ ಮೇಲೆ ಪೆಟ್ಟಿಗೆಯೊಳಕ್ಕೆ ಕ್ಯಾವಿಟಿ ವ್ಯಾಕ್ಸ್. ಬೆಸುಗೆ ಮುಗಿದ ಮೇಲೆ, ಪೇಂಟಿಗೆ ಮುಂಚೆಯೇ, ಚಕ್ರದ ಮೇಲೆ ಇಳಿಸಿ, ಬ್ಲಾಕು ಗೇರ್‌ಬಾಕ್ಸಿನ ಭಾರ ಹಾಕಿ, ಸಂದುಗಳನ್ನು ಇನ್ನೊಮ್ಮೆ ಅಳೆಯಿರಿ. ಖಾಲಿ ಬಾಡಿಯಲ್ಲಿ ಸರಿಯಿದ್ದ ಸಂದು ಮೂತಿಗೆ ಭಾರ ಬಿದ್ದ ಮೇಲೆ ಬದಲಾಗಬಹುದು. ಇಷ್ಟಾದ ಮೇಲೆಯೇ ಬಣ್ಣದ ಮಾತು.

ತುಕ್ಕು ಸಿಲ್ ದಾಟಿ ನೆಲ, ಕಂಬ, ಸ್ಪ್ರಿಂಗ್ ಹಿಡಿಯುವ ಜಾಗ ಎಲ್ಲಕ್ಕೂ ಹರಡಿದ್ದರೆ ತೇಪೆ ಹಾಕುವ ಹಟ ಬಿಡಿ. ಬ್ರಿಟಿಷ್ ಮೋಟಾರ್ ಹೆರಿಟೇಜ್‌ನವರು 1988ರಿಂದ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಹೊಸ ಬಾಡಿ ಮಾಡಿದ್ದಾರೆ. ಅಗ್ಗವಲ್ಲ. ಆದರೂ ಎಲ್ಲ ಬಿಡಿ ತಗಡುಗಳನ್ನು ಕೊಂಡು, ಜೋಡಿಸಿ, ನೇರ ಮಾಡುವ ಲೆಕ್ಕದ ಮುಂದೆ ಇಟ್ಟು ನೋಡಿ.

ಪೆಟ್ಟಿಗೆಗಳ ವಿಷಯ. ಚಿತ್ರಗಳಿರುವ ಬಿಡಿಭಾಗಗಳ ಕ್ಯಾಟಲಾಗ್ ತರಿಸಿ, ಪ್ರತಿ ಪುಟವನ್ನೂ ಮುದ್ರಿಸಿ ಮಗಳ ಕೈಗೆ ಕೊಡಿ. ಸಿಕ್ಕಿದ್ದಕ್ಕೆ ಹಸಿರು, ಸಿಕ್ಕಿಯೂ ಕೆಟ್ಟಿದ್ದಕ್ಕೆ ಹಳದಿ, ಇಲ್ಲದ್ದಕ್ಕೆ ಕೆಂಪು. ಮಗನಿಗೆ ನಟ್ಟು-ಬೋಲ್ಟು. ಈ ಕಾರಿನದು ಹೆಚ್ಚಾಗಿ ಯುಎನ್‌ಎಫ್ ಎಂಬ ಇಂಚಿನ ಅಳತೆಯ ಹರಿ (ಥ್ರೆಡ್), ಮೆಟ್ರಿಕ್ ಅಲ್ಲ. 1/4 ಇಂಚಿನ ಬೋಲ್ಟಿಗೆ 7/16ರ ಸ್ಪ್ಯಾನರ್, 5/16ಕ್ಕೆ 1/2, 3/8ಕ್ಕೆ 9/16. 13 ಎಂಎಂ ಸ್ಪ್ಯಾನರ್ 1/2 ಇಂಚಿನ ತಲೆಗೆ ಸರಿಹೋದಂತೆ ಕಾಣುತ್ತದೆ, ಬಿಗಿ ಹೆಚ್ಚಿದಾಗ ಮೂಲೆ ಸವೆಸುತ್ತದೆ. ಥ್ರೆಡ್ ಗೇಜ್ ಹಿಡಿದು ಹರಿಯ ಪ್ರಕಾರ, ಉದ್ದದ ಪ್ರಕಾರ ವಿಂಗಡಿಸುವುದು ಹತ್ತು ವರ್ಷದ ಹುಡುಗನ ಕೈಗೆ ಹೇಳಿ ಮಾಡಿಸಿದ ಕೆಲಸ.

ಬೇರೆ ಬೇರೆ ವರ್ಷದ ಭಾಗಗಳು ಬೆರೆತಿವೆಯಾ ಅಂತಲೂ ಈಗಲೇ ನೋಡಿ. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್‌ಡನ್‌ನಲ್ಲಿ ತಯಾರಾಯಿತು, ಅಷ್ಟರಲ್ಲಿ ಒಳಗೆ ಬಹಳಷ್ಟು ಬದಲಾಗಿದೆ. 1966ರ ರೋಡ್‌ಸ್ಟರ್ ಆದರೆ ಚಾಸಿ ನಂಬರು ಜಿಎಚ್‌ಎನ್3 ಎಂದು ಶುರುವಾಗಬೇಕು, ಎಂಜಿನ್ ನಂಬರು 18ಜಿಬಿ. 1964ರ ಅಕ್ಟೋಬರ್ ಸುಮಾರಿನವರೆಗಿನ ಎಂಜಿನ್‌ಗೆ ಕ್ರ್ಯಾಂಕ್ ಹೊರುವ ಮೇನ್ ಬೇರಿಂಗ್ ಮೂರು, ನಿಮ್ಮದಕ್ಕೆ ಐದು. ಕ್ರ್ಯಾಂಕಿನಲ್ಲಿ ಎಣಿಸಿ. ವಿದ್ಯುತ್ತು ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ), ಡೈನಮೊ, ಸೀಟಿನ ಹಿಂದೆ 6 ವೋಲ್ಟಿನ ಎರಡು ಬ್ಯಾಟರಿ. ಪೆಟ್ಟಿಗೆಯಲ್ಲಿ ಆಲ್ಟರ್ನೇಟರ್ ಸಿಕ್ಕರೆ ಅದು ಬೇರೆ ಕಾರಿನದು, ಇಲ್ಲವೇ ಯಾರೋ ನಡುವೆ ನೆಗೆಟಿವ್ ಅರ್ಥ್‌ಗೆ ಬದಲಿಸಿದ್ದಾರೆ. ಯಾವುದೆಂದು ತೀರ್ಮಾನ ಆಗುವವರೆಗೆ ಆರ್‌ಪಿಎಂ ಮೀಟರಾಗಲಿ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಆಗಲಿ ಕೊಳ್ಳಬೇಡಿ.

ಎಂಜಿನ್ ಮೊದಲು ಬೇಡ ಅಂದೆನಲ್ಲ, ಕಾರಣ ಸರಳ. ಬಾಡಿ ಮುಗಿಯುವ ಹೊತ್ತಿಗೆ ಕಟ್ಟಿಟ್ಟ ಎಂಜಿನ್ ಮೂಲೆಯಲ್ಲಿ ಕೂತು ಜೋಡಿಸುವಾಗ ಹಚ್ಚಿದ ಎಣ್ಣೆ ಇಳಿದುಹೋಗಿರುತ್ತದೆ, ಬೋರಿನಲ್ಲಿ ರಿಂಗು ನಿಂತ ಜಾಗ ತುಕ್ಕು ಹಿಡಿಯುತ್ತದೆ. ಅಳತೆ ತೆಗೆಯುವುದು, ಮಷಿನ್ ಶಾಪಿಗೆ ಕೊಡುವುದು ಬೇಕಾದರೆ ಈಗಲೇ ಆಗಲಿ, ಜೋಡಣೆ ಕೊನೆಗೆ. ಬಿಚ್ಚಿಟ್ಟ ಎಂಜಿನ್‌ನಲ್ಲಿ ಜೋಡಿ ತಪ್ಪಬಾರದ ಭಾಗಗಳಿವೆ. ಮೇನ್ ಬೇರಿಂಗ್ ಕ್ಯಾಪುಗಳು, ಕನೆಕ್ಟಿಂಗ್ ರಾಡಿನ ಕ್ಯಾಪುಗಳು ಜೊತೆಯಲ್ಲೇ ಕೊರೆದು ಮಾಡಿದವು. ಗುರುತು ಹೊಂದದಿದ್ದರೆ ಸುಮ್ಮನೆ ಬಿಗಿಯಬೇಡಿ, ಮಷಿನ್ ಶಾಪಿನಲ್ಲಿ ತೂತಿನ ದುಂಡು ಪರೀಕ್ಷಿಸಲಿ. ಹಳೇ ಬೇರಿಂಗ್ ಶೆಲ್ಲಿನ ಹಿಂಬದಿಯಲ್ಲಿ ಅಂಡರ್‌ಸೈಜ್ ಮುದ್ರೆ ಇರುತ್ತದೆ, ಕ್ರ್ಯಾಂಕ್ ಮುಂಚೆ ಎಷ್ಟು ಅರೆಸಿದ್ದಾರೆಂದು ಅದರಿಂದ ತಿಳಿಯುತ್ತದೆ. ಕ್ಯಾಮಿನ ಚಲನೆಯನ್ನು ವಾಲ್ವ್ ಕಡೆಗೆ ದಾಟಿಸುವ ಟ್ಯಾಪೆಟ್‌ಗಳು ತಮ್ಮ ತಮ್ಮ ಕ್ಯಾಮಿನ ಉಬ್ಬಿಗೆ ಒಗ್ಗಿ ಸವೆದಿರುತ್ತವೆ. ಎಂಟೂ ಒಂದೇ ಡಬ್ಬದಲ್ಲಿ ಸಿಕ್ಕರೆ ಅವನ್ನು ಬಿಟ್ಟು ಹೊಸ ಟ್ಯಾಪೆಟ್, ಜೊತೆಗೆ ಹೊಸ ಅಥವಾ ಮತ್ತೆ ಅರೆಸಿದ ಕ್ಯಾಮ್. ಎಸ್‌ಯು ಕಾರ್ಬುರೇಟರ್ ಎರಡರಲ್ಲೂ ಪಿಸ್ಟನ್ ಮತ್ತು ಅದರ ಮೇಲಿನ ಗುಮ್ಮಟ ಹುಟ್ಟುಜೋಡಿ, ಒಂದರದು ಇನ್ನೊಂದಕ್ಕೆ ಹಾಕಿದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು.

ಮಕ್ಕಳನ್ನು ಎಲ್ಲದರಲ್ಲೂ ಸೇರಿಸಿಕೊಳ್ಳುವ ಆಸೆ ಇದೆ ಅಂದಿರಿ. ಬೇಡ. ಟೂ-ಪ್ಯಾಕ್ ಪೇಂಟಿನಲ್ಲಿ ಐಸೊಸಯನೇಟ್ ಇರುತ್ತದೆ, ಹೊರಗಿನ ಗಾಳಿ ಕೊಡುವ ಮಾಸ್ಕ್ ಇಲ್ಲದೆ ದೊಡ್ಡವರೂ ಹೊಡೆಯಬಾರದು. ಹಳೇ ಬ್ರೇಕ್ ಲೈನರ್ ಮತ್ತು ಕ್ಲಚ್ ಪ್ಲೇಟಿನ ಧೂಳಿನಲ್ಲಿ ಆಸ್ಬೆಸ್ಟಾಸ್, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಗಾಳಿ ಊದಿ ಸ್ವಚ್ಛ ಮಾಡದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಹೊತ್ತಿಗೆ ಮಕ್ಕಳು ಹೊರಗಿರಲಿ. ಮುಂದಿನ ಕಾಯಿಲ್ ಸ್ಪ್ರಿಂಗ್ ಕೂರಿಸುವಾಗಲೂ ಅಷ್ಟೇ. ಜಾಕಿ ಕೊಟ್ಟರೆ ಖಾಲಿ ಬಾಡಿಯೇ ಮೇಲೇಳುತ್ತದೆ ಹೊರತು ಸ್ಪ್ರಿಂಗ್ ಕುಗ್ಗುವುದಿಲ್ಲ. ಸ್ಪ್ರಿಂಗ್ ಕೂರುವ ತಟ್ಟೆಯ ಬೋಲ್ಟುಗಳ ಜಾಗಕ್ಕೆ ಉದ್ದನೆಯ ಗಟ್ಟಿ ಸ್ಟಡ್ ಹಾಕಿ ನಟ್ಟು ತಿರುಗಿಸುತ್ತಾ ಸ್ವಲ್ಪಸ್ವಲ್ಪವೇ ಎಳೆದುಕೊಳ್ಳಬೇಕು. ನಿಮ್ಮ ತಂದೆಗೂ ನಿಮಗೂ ಇಷ್ಟು ಕೆಲಸ ಸಾಕು.

ಮಗಳಿಗೆ ವೈರಿಂಗ್ ಬಿಟ್ಟುಕೊಡಿ, ನಿಜವಾಗಿ. ಲೂಕಸ್ ಕಂಪನಿಯ ತಂತಿ ಬಣ್ಣಗಳ ಲೆಕ್ಕ ಒಂದು ಸಂಜೆಗೆ ಬಾಯಿಪಾಠ ಆಗುತ್ತದೆ: ಕಂದು ಯಾವಾಗಲೂ ಕರೆಂಟಿರುವ ತಂತಿ, ಬಿಳಿ ಕೀಲಿ ತಿರುಗಿಸಿದ ಮೇಲೆ, ಹಸಿರು ಫ್ಯೂಸ್ ದಾಟಿದ್ದು, ನೀಲಿ ಹೆಡ್‌ಲೈಟು, ಕೆಂಪು ಸಣ್ಣ ದೀಪ, ಕಪ್ಪು ಅರ್ಥ್. ಈ ಕಾರಿಗಿರುವುದು ಎರಡೇ ಫ್ಯೂಸು, ಕಂದು ಮತ್ತು ಬಿಳಿ ತಂತಿಗೆ ರಕ್ಷಣೆಯೇ ಇಲ್ಲ. ಹಾಗಾಗಿ ಮೊದಲ ಸಲ ಬ್ಯಾಟರಿ ಜೋಡಿಸುವಾಗ ನಡುವೆ 21 ವ್ಯಾಟಿನ ಬಲ್ಬ್ ಇಡಿ. ಎಲ್ಲ ಸ್ವಿಚ್ಚು ಆಫ್ ಇದ್ದೂ ಅದು ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ. ಹೊಸ ಬಣ್ಣ ಕರೆಂಟನ್ನು ಬಿಡುವುದಿಲ್ಲ, ಅರ್ಥ್ ಬಿಂದುಗಳನ್ನೆಲ್ಲ ಲೋಹ ಕಾಣುವವರೆಗೆ ಕೆರೆಯಿರಿ. ಎಂಜಿನ್ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಮರೆತರೆ ಸ್ಟಾರ್ಟರಿನ ಕರೆಂಟು ಚೋಕ್ ಕೇಬಲ್ ಹಿಡಿದು ಹರಿದು ಅದನ್ನು ಸುಟ್ಟುಬಿಡುತ್ತದೆ.

ವಾಲ್ವ್ ಸೆಟ್ಟಿಂಗ್ ಇಬ್ಬರಿಗೂ ಖುಷಿ ಕೊಡುತ್ತದೆ. ಎಂಟು ವಾಲ್ವ್, ಎರಡು ಸಂಖ್ಯೆ ಕೂಡಿದರೆ ಒಂಬತ್ತು ಬರುವ ಲೆಕ್ಕ: ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಬೇಕು, ಆರು ತೆರೆದಾಗ ಮೂರನೆಯದನ್ನು. ಎಂಜಿನ್ ತಣ್ಣಗಿರುವಾಗ 0.015 ಇಂಚಿನ ಫೀಲರ್ ಗೇಜ್.

ಎರಡು ರಜೆಯಲ್ಲಿ ಮುಗಿಯುವುದಿಲ್ಲ. ಮೊದಲ ರಜೆಗೆ ಪಟ್ಟಿ, ವಿಂಗಡಣೆ ಮತ್ತು ಬಣ್ಣವಿಲ್ಲದ ಜೋಡಣೆ ಮುಗಿದರೆ ಚೆನ್ನಾಗಿ ನಡೆದಿದೆ ಅಂದುಕೊಳ್ಳಿ. ಮಕ್ಕಳ ಉತ್ಸಾಹಕ್ಕೆ ಮುಗಿದ ಎಂಜಿನ್ನೇ ಬೇಕಿಲ್ಲ. ಚಕ್ರದ ಮೇಲೆ ನಿಂತ, ಬಾಗಿಲು ಸರಿಯಾಗಿ ಮುಚ್ಚುವ, ಸ್ಟೇರಿಂಗ್ ತಿರುಗುವ ತುಕ್ಕು ಕಾರಿನಲ್ಲಿ ಕೂತು ತಳ್ಳಿಸಿಕೊಳ್ಳುವುದೂ ಆ ವಯಸ್ಸಿಗೆ ಕಡಿಮೆ ಮಜಾ ಅಲ್ಲ. ಆದರೆ ತಳ್ಳುವ ಮುಂಚೆ ಹ್ಯಾಂಡ್‌ಬ್ರೇಕ್ ಕೇಬಲ್ ಹಾಕಿರಿ. ಅದು ಸಾಮಾನ್ಯವಾಗಿ ಕೆಂಪು ಗುರುತಿನ ಪಟ್ಟಿಯಲ್ಲೇ ಇರುತ್ತದೆ, ಮೊದಲ ಆರ್ಡರ್‌ಗೇ ಸೇರಿಸಿಬಿಡಿ.