ಪನಾಮಾ ಕಾಲುವೆ ಗುತ್ತಿಗೆಗೆ ಸಿಗುತ್ತದೆಯೇ?

ಪ್ರಶ್ನೆ: ಪನಾಮಾ ಕಾಲುವೆಯನ್ನು ಸರ್ಕಾರ ಖಾಸಗಿಯವರಿಗೆ ಗುತ್ತಿಗೆ ಕೊಡಬಹುದೇ? ಅಲ್ಲಿನ ಬಂದರುಗಳಲ್ಲಿ ಕಂಪನಿಗಳಿವೆಯಲ್ಲ?

ಉತ್ತರ: ಬಂದರು ಬೇರೆ, ಕಾಲುವೆ ಬೇರೆ. ಈ ಗೊಂದಲ ಬಹಳ ಜನರಿಗಿದೆ. ಬಂದರಿಗೆ ಪ್ರತ್ಯೇಕ ಗುತ್ತಿಗೆ ಕೊಡಬಹುದು. ಕಾಲುವೆಯನ್ನು ಮಾತ್ರ ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಅಡವಿಡುವಂತೆಯೂ ಇಲ್ಲ. ಸಂವಿಧಾನದ 14ನೇ ಭಾಗ ಅದನ್ನು ರಾಷ್ಟ್ರದ ಸ್ವತ್ತೆಂದು ಕಟ್ಟಿಹಾಕಿದೆ. 1903ರ ಒಪ್ಪಂದದಲ್ಲಿ ಕಾಲುವೆ ವಲಯ ಶಾಶ್ವತವಾಗಿ ಅಮೆರಿಕದ ಕೈಸೇರಿ, 1999ರ ಡಿಸೆಂಬರ್ 31ರವರೆಗೆ ಕಾಲುವೆಯ ಪೂರ್ಣ ಹಿಡಿತ ಸಿಗದ ದೇಶಕ್ಕೆ ಇಷ್ಟು ಬಿಗಿ ಬೇಕೇಬೇಕಿತ್ತು.

ನಿರ್ವಹಣೆ 1997ರ 19ನೇ ಕಾಯ್ದೆಯಂತೆ ಸ್ವಾಯತ್ತ ಪ್ರಾಧಿಕಾರದ್ದು. ಮಂಡಳಿಯಲ್ಲಿ 11 ನಿರ್ದೇಶಕರು. ಬಜೆಟ್ಟನ್ನು ಶಾಸನಸಭೆ ಒಪ್ಪಬಹುದು ಅಥವಾ ಇಡಿಯಾಗಿ ತಿರಸ್ಕರಿಸಬಹುದು, ತಿದ್ದುವಂತಿಲ್ಲ. ಮೂರನೇ ಸಾಲಿನ ಲಾಕ್ (ನೀರು ತುಂಬಿಸಿ-ಇಳಿಸಿ ಹಡಗನ್ನು ಏರಿಳಿಸುವ ಕಟ್ಟೆಕೋಣೆ) ಕಟ್ಟಲು 2006ರಲ್ಲಿ ಜನಮತವನ್ನೇ ಕೇಳಬೇಕಾಯಿತು.