ಅಂಪೈರ್ ಪದದ ಮೊದಲಕ್ಷರ ಎಲ್ಲಿ ಹೋಯಿತು?

ಸಾಮ್ರಾಜ್ಯ ಎಂಬರ್ಥದ ‘ಎಂಪೈರ್’ಗೂ ‘ಅಂಪೈರ್’ಗೂ ನಂಟಿದೆಯೇ ಎಂದು ಕೇಳಿದ್ದೀರಿ. ಇಲ್ಲ, ಉಚ್ಚಾರಣೆ ಹತ್ತಿರ ಅಷ್ಟೇ. ಅಂಪೈರ್‌ನ ತವರು ಹಳೆಯ ಫ್ರೆಂಚ್‌ನ ‘ನೊನ್‌ಪೆರ್’. ‘ನೊನ್’ ಎಂದರೆ ಅಲ್ಲ, ‘ಪೆರ್’ ಎಂದರೆ ಸಮ. ಜಗಳವಾಡುವ ಇಬ್ಬರು ಜೋಡಿಯಾದರೆ, ತೀರ್ಪು ಹೇಳಲು ಬಂದವನು ಜೋಡಿಯಿಲ್ಲದ ಮೂರನೆಯವನು, ಬೆಸ ಸಂಖ್ಯೆಯವನು. ಎಂಥ ಸೊಗಸಾದ ಹೆಸರು!

ಹಾಗಾದರೆ ಮೊದಲಿನ ‘ನ’ಕಾರ ಏನಾಯಿತು? ಇಂಗ್ಲಿಷಿನಲ್ಲಿ ‘ಒಂದು’ ಎನ್ನಲು ವ್ಯಂಜನದ ಮುಂದೆ ‘ಎ’, ಸ್ವರದ ಮುಂದೆ ‘ಆ್ಯನ್’ ಬರುತ್ತದೆ. ಮಧ್ಯಯುಗದ ಇಂಗ್ಲಿಷರು ‘ಎ ನೂಂಪರ್’ ಎಂದದ್ದು ಕೇಳುವವರಿಗೆ ‘ಆ್ಯನ್ ಊಂಪರ್’ ಎಂಬಂತೆ ಕೇಳಿಸಿತು. ಪದ ಒಡೆಯುವ ಜಾಗ ಒಂದಕ್ಷರ ಸರಿದು, ‘ನ’ ಪಕ್ಕದ ಪದದ ಪಾಲಾಯಿತು. ಕನ್ನಡದ ಸಂಧಿಯನ್ನು ತಪ್ಪಾಗಿ ಬಿಡಿಸಿದ ಹಾಗೆ.

‘ಏಪ್ರನ್’ ಕೂಡ ಮೊದಲು ‘ನೇಪ್ರನ್’ ಆಗಿತ್ತು. ತಮಾಷೆಯೆಂದರೆ ಕಳವು ಎರಡೂ ಕಡೆಯಿಂದ ನಡೆದಿದೆ: ‘ಹೆಚ್ಚುವರಿ ಹೆಸರು’ ಎಂಬರ್ಥದ ‘ಎಕ್‌ನೇಮ್’ ಹೀಗೆಯೇ ‘ನ’ ಅಂಟಿಸಿಕೊಂಡು ‘ನಿಕ್‌ನೇಮ್’ ಆಯಿತು.