ಪ್ರತಿಕ್ರಿಯೆ: ಸಮುದ್ರ ವಲಯ ಯೋಜನೆಗೆ ಪಕ್ಕದ ದೇಶ ಯಾಕೆ ಬೇಕು?

ಹಾಸನದಲ್ಲಿ ಭೂಗೋಳ ಎಂ.ಎಸ್ಸಿ. ಓದುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ: ತೀರದಿಂದ 200 ನಾಟಿಕಲ್ ಮೈಲಿ ನಮ್ಮದೇ ಆರ್ಥಿಕ ವಲಯ ಆಗಿರುವಾಗ ಬೇರೆ ದೇಶದ ಜೊತೆ ಯೋಜನೆ ಯಾಕೆ, ಮತ್ತು ಪ್ರಾಜೆಕ್ಟನ್ನು ಎಲ್ಲಿಂದ ಶುರು ಮಾಡಬೇಕು.

ಸಮುದ್ರ ವಲಯ ಯೋಜನೆ ಎಂದರೆ ಕಡಲಿನ ಯಾವ ಭಾಗ ಯಾವ ಕೆಲಸಕ್ಕೆ ಎಂದು ಮೊದಲೇ ನಕ್ಷೆಯಲ್ಲಿ ಗೊತ್ತುಮಾಡುವುದು. ಹಡಗಿನ ದಾರಿಯಾಗಲಿ, ಮೀನಿನ ಹಿಂಡಾಗಲಿ, ಕೇಬಲ್ಲಾಗಲಿ ಗಡಿಗೆ ಬಂದು ನಿಲ್ಲುವುದಿಲ್ಲ. ಈ ಕಡೆಯವರು ಹಡಗಿನ ದಾರಿ ಬಿಟ್ಟ ನೇರಕ್ಕೇ ಆ ಕಡೆಯವರು ಗಾಳಿಯಂತ್ರ ನೆಟ್ಟರೆ ಎರಡು ಯೋಜನೆಯೂ ಕೆಟ್ಟಂತೆ. ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳು ಇದಕ್ಕಾಗಿ 2010ರಲ್ಲೇ ಜಂಟಿ ಕಾರ್ಯತಂಡ ಮಾಡಿಕೊಂಡವು. ಯುನೆಸ್ಕೋದ ಸಾಗರ ಆಯೋಗ ಮತ್ತು ಯುರೋಪಿಯನ್ ಕಮಿಷನ್ 2017ರಲ್ಲಿ ಜಂಟಿ ಮಾರ್ಗನಕ್ಷೆ (ರೋಡ್‌ಮ್ಯಾಪ್) ತಂದವು. ನಮ್ಮಲ್ಲಿ ನಾರ್ವೆ ಸಹಕಾರದಿಂದ ಪುದುಚೇರಿ, ಲಕ್ಷದ್ವೀಪಗಳಲ್ಲಿ ಪ್ರಾಯೋಗಿಕ ಕೆಲಸ ನಡೆದಿದೆ.

ಪ್ರಾಜೆಕ್ಟಿಗೆ ಕರಾವಳಿಯ ಒಂದು ತುಂಡು ಸಾಕು, ಇಡೀ ಅರಬ್ಬಿ ಸಮುದ್ರಕ್ಕೆ ಕೈಹಾಕಬೇಡಿ. ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಎಲ್ಲ ಪದರಗಳನ್ನೂ (ಹಡಗಿನ ದಾರಿ, ಮೀನುಗಾರಿಕೆ, ಹೂಳು ಹೀಗೆ ಒಂದೊಂದರ ನಕ್ಷೆ) ಮೊದಲು ಒಂದೇ ಪ್ರೊಜೆಕ್ಷನ್ನಿಗೆ, ಅಂದರೆ ಭೂಮಿಯ ಮೈಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಒಂದೇ ವಿಧಾನಕ್ಕೆ ತನ್ನಿ. ಪ್ರಾದೇಶಿಕ ಸಮುದ್ರದ ಗೆರೆ ತೀರದಿಂದ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22.2 ಕಿ.ಮೀ.; ಸಾಮಾನ್ಯ ಮೈಲಿಯ ಲೆಕ್ಕ ಹಿಡಿದರೆ ಗೆರೆ ಸುಮಾರು 3 ಕಿ.ಮೀ. ಒಳಗೆ ಬೀಳುತ್ತದೆ. ಆ ಗೆರೆಯೊಳಗಿನ ಮೀನುಗಾರಿಕೆ ರಾಜ್ಯದ ವಿಷಯ, ಆಚೆಯದು ಕೇಂದ್ರದ್ದು. ಹಾಗಾಗಿ ಈ ತಪ್ಪು ಸಣ್ಣದಲ್ಲ.

ಹೆಚ್ಚಿನವರು ಎಡವುವುದು ಮೀನುಗಾರಿಕೆಯ ಪದರದಲ್ಲಿ. ಎಐಎಸ್ (ಹಡಗು ತಾನಿರುವ ಜಾಗವನ್ನು ತಾನೇ ಬಿತ್ತರಿಸುವ ವ್ಯವಸ್ಥೆ) ಸಂಕೇತದ ನಕ್ಷೆಯಲ್ಲಿ ದೊಡ್ಡ ಹಡಗುಗಳೇ ಕಾಣುತ್ತವೆ, ನಾಡದೋಣಿಗಳ ಜಾಗ ಖಾಲಿ ತೋರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್-ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಬೇರೆ. ಆ ತಿಂಗಳ ಮಾಹಿತಿ ನೋಡಿ ‘ಇಲ್ಲಿ ಯಾರೂ ಇಲ್ಲ’ ಎಂದು ಗುರುತು ಹಾಕಿದರೆ ಜಗಳಕ್ಕೆ ನೀವೇ ಕರೆ ಕೊಟ್ಟಂತೆ. ಕನಿಷ್ಠ ಒಂದು ಪೂರ್ತಿ ವರ್ಷದ ಮಾಹಿತಿ ತೆಗೆದುಕೊಂಡು ತಿಂಗಳುವಾರು ಬಿಡಿಸಿ, ಬಂದರಿನಲ್ಲಿ ಕೂತು ಮೀನುಗಾರರಿಂದಲೇ ನಕ್ಷೆಯ ಮೇಲೆ ಗೆರೆ ಎಳೆಸಿ.

ಸಕಲೇಶಪುರದ ಕೆಂಪುಹೊಳೆ ಕುಮಾರಧಾರಾ, ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ನದಿ ಕಡಲಿಗೆ ಹೊತ್ತು ತರುವ ಹೂಳಿನ ಪದರವನ್ನು ನಿಮ್ಮ ಜಿಲ್ಲೆಯಿಂದಲೇ ಶುರು ಮಾಡಬಹುದು.